ನಾಲ್ಕು ಪಾಯಿಂಟ್ ಮೂರು

ಐದನೇ ಕ್ಲಾಸಿನಲ್ಲಿ ನಾನು
ನಾಲ್ಕು ಪಾಯಿಂಟ್ ಮೂರಕ್ಕೆ ನಾಲ್ಕು ಪಾಯಿಂಟ್ ಮೂರು ಕೂಡಿಸಿ
ಒಂಬತ್ತು ಎಂದು ಬರೆದೆ.
ಜಾನಕಮ್ಮ ಮೇಡಂ ಸ್ಲೇಟನ್ನು ಇಡೀ ಕ್ಲಾಸಿಗೆ ತೋರಿಸಿದರು.
ಮೊದಲು ನಕ್ಕವಳು ಪಕ್ಕದಲ್ಲೇ ಕೂತಿದ್ದ ಸುನಂದೆ.

ಅಪ್ಪ ಚಿಕ್ಕೈದಯ್ಯ
ವಾರವಿಡೀ ಗೊಬ್ಬರದಂಗಡಿಯ ಲೆಕ್ಕ ಬರೆದು
ಭಾನುವಾರ ಮಂಡ್ಯದ ಮೈದಾನದಲ್ಲಿ, ಬೇವಿನ ಮರದ ಕೆಳಗೆ,
ಮಡಚುವ ಕುರ್ಚಿಯಲ್ಲಿ ಕೂತು ಸ್ಕೋರು ಬರೆಯುತ್ತಿದ್ದ.
ಕೂಲಿ: ಎರಡು ಬನ್ನು, ಒಂದು ಟೀ.
ಒಂದು ಬನ್ನು ನನಗೆ.

ಆರು ಎಸೆತಕ್ಕೂ ರನ್ನಿಲ್ಲದಿದ್ದರೆ
ಆರು ಚುಕ್ಕಿ ಕೂಡಿಸಿ ಅವನು ಎಳೆಯುತ್ತಿದ್ದ ಎಂ,
ನಾನು ಕಲಿತ ಮೊದಲ ಇಂಗ್ಲಿಷ್ ಅಕ್ಷರ.
ನಡುವೆ ವಿಕೆಟ್ಟೂ ಬಿದ್ದರೆ ಅದೇ ಗೆರೆ ತಲೆಕೆಳಗಾಗಿ ಡಬ್ಲ್ಯು.
ಆ ಪುಸ್ತಕದಲ್ಲಿ ಪಾಯಿಂಟ್ ಐದರ ಮುಂದೆ ಪಾಯಿಂಟ್ ಆರು ಇಲ್ಲ,
ಮೂರು ಎಂದರೆ ಅರ್ಧ.

ಸ್ಲೇಟು ನೋಡಿ ಅಪ್ಪ ಅಂದದ್ದು ಇಷ್ಟೇ:
"ಮೇಡಮ್ಮೂ ಸರಿ ಕಣವ್ವ, ನೀನೂ ಸರಿ.
ಚುಕ್ಕಿ ಯಾರ್ದು ಅಂತ ಮೊದ್ಲು ಕೇಳ್ಬೇಕು."

ಈಗ ಹದಿನಾಲ್ಕು ವರ್ಷದಿಂದ
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ನನ್ನ ರಾತ್ರಿಪಾಳಿ.
ತುಂಬಿದ ಲಾರಿಯಲ್ಲಿ ಖಾಲಿ ಲಾರಿ ಕಳೆದರೆ ಉಳಿದದ್ದು ಕಬ್ಬು,
ಜೊತೆಗೆ ಸೋಗೆ, ಕೆಸರು,
ಒಮ್ಮೆ ಮೇಲೆಯೇ ನಿದ್ದೆಹೋಗಿದ್ದ ಕ್ಲೀನರ್ ಶಿವನಂಜ, ಐವತ್ತೆರಡು ಕೇಜಿ.

ಇವನೇ ಈಗ ಕಿಟಕಿಗೆ ಫೋನು ಹಿಡಿದು ನಿಂತಿದ್ದಾನೆ.
ಎಲ್ಲೋ ಕಡಲಾಚೆಯ ದ್ವೀಪದಲ್ಲಿ ಇನ್ನೂ ನೆನ್ನೆ ಸಂಜೆ,
ಅಲ್ಲಿ ಟಾಸು ಮುಗಿದಿದೆ.
ಒಂಬತ್ತು ಲಾರಿಯವರ ಲೀಗು ಇದು,
ಕಡೆಗೆ ಬಂದವನು ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು.

"ಅಕ್ಕಾ, ನೂರರಾಗೆ ಎಂಟೂವರೆ ಉಳದದೆ,
ಅವ್ನು ಒಂಬತ್ತು ಕೇಳ್ತಾನೆ."
ಯಾರನ್ನೋ ಅರ್ಧ ಇಳಿಸು ಅಂದೆ.
"ಯಾರ್ನ ಇಳ್ಸಾದು, ಎಲ್ರೂ ಬೇಕಲ್ಲ."
ಓವರ್‌ಲೋಡ್ ಲಾರಿಯ ಡ್ರೈವರೂ ಹೀಗೇ ಅನ್ನುವುದು.

ಲೆಕ್ಕ ಹಾಕಿ ತೋರಿಸಿದೆ, ತೂಕದ ಚೀಟಿಯ ಹಿಂದೆ:
ಇಪ್ಪತ್ತೆರಡರಲ್ಲಿ ಹನ್ನೊಂದು ಆರಿಸಲು
ಏಳು ಲಕ್ಷದ ಐದು ಸಾವಿರದ ನಾನೂರ ಮೂವತ್ತೆರಡು ದಾರಿ.
ಅದರ ಮೇಲೆ ನಾಯಕ, ಉಪನಾಯಕ ಎಂದರೆ
ಏಳೂಮುಕ್ಕಾಲು ಕೋಟಿ.
ಕರ್ನಾಟಕಕ್ಕೆ ತಲೆಗೊಂದು ತಂಡ ಹಂಚಿದರೂ ಮಿಕ್ಕೀತು,
ಕೂಸುಗಳಿಗೂ, ನಮ್ಮ ಜಾನಕಮ್ಮ ಮೇಡಮ್ಮಿಗೂ.
ಅವನು ಚೀಟಿ ತಿರುಗಿಸಿ ನೋಡಿದ.
"ಅಷ್ಟ್ರಾಗೆ ನಂದು ಯಾವ್ದು?"

ನನಗೇನು ಗೊತ್ತು.
ನಾಯಕನ ಸರಾಸರಿ ನಲವತ್ತು ಎಂದ.
ಹೋದ ಹಂಗಾಮಿನಲ್ಲಿ ನಮ್ಮ ಲಾರಿಗಳ ಸರಾಸರಿ
ಹದಿನಾರು ಟನ್ನು ನಾನೂರ ಹತ್ತು ಕೇಜಿ.
ಅಷ್ಟೇ ತೂಗಿದ ಲಾರಿ
ಒಂದಾದರೂ ಈ ಹಲಗೆ ಹತ್ತಿದ್ದು ನಾನು ಕಾಣೆ.
ನಲವತ್ತು ಎಂದರೆ ಸೊನ್ನೆ, ಸೊನ್ನೆ, ನೂರಿಪ್ಪತ್ತೂ ಆಗಬಹುದು.
ಇವತ್ತು ಅದರಲ್ಲಿ ಯಾವುದು ಎಂದು
ಭಾಗಾಕಾರ ಹೇಳುವುದಿಲ್ಲ.

ನಾಲ್ಕೂವರೆಗೆ ತಂಡದ ಬಾಗಿಲು ಮುಚ್ಚಿತು.
ಮೂರನೇ ಟ್ರ್ಯಾಕ್ಟರ್ ತೂಗುವಾಗ ಅವನು ಮತ್ತೆ ಬಂದ.
ನಾಯಕ ಔಟು, ಸೊನ್ನೆಗೆ.
ಸೊನ್ನೆಗೆ ಮೈನಸ್ ಎರಡು,
ನಾಯಕನಾದ ತಪ್ಪಿಗೆ ಮೈನಸ್ ನಾಲ್ಕು.
ಉಳಿದೆಂಟು ಲಾರಿಗಳ ನಗು ಗೇಟಿನ ತನಕ ಸಾಲಾಗಿ ಹಾರ್ನು ಹೊಡೆಯಿತು.

"ಎಷ್ಟನೇ ಓವರು?"
"ನಾಲ್ಕು ಪಾಯಿಂಟ್ ಮೂರು, ಅಕ್ಕಾ."

ನಾಲ್ಕೂವರೆ, ಅಂದೆ, ಯಾರಿಗೋ.
ಅವನು ಗೋಡೆಯ ಗಡಿಯಾರ ನೋಡಿದ, ಐದಾಗಲು ಹತ್ತು ನಿಮಿಷ.
"ನಿಮ್ ಗಡಿಯಾರ ಮುಂದದೆ."

ಹಲಗೆಯ ಮೇಲೆ ಮುಂದಿನ ಲಾರಿ ಹತ್ತಿತು.
ಕೆಂಪು ಅಂಕಿಗಳು ಒಂದಷ್ಟು ಹೊತ್ತು ನಡುಗುತ್ತವೆ,
ಇಂಜಿನ್ ಆಫ್ ಮಾಡಿದ ಮೇಲೂ.
ನಿಲ್ಲುವ ತನಕ ಬರೆಯಬಾರದು.
ಶಿವನಂಜ ಕಿಟಕಿಯ ಸರಳು ಹಿಡಿದು ಅವನ್ನೇ ನೋಡುತ್ತ
ಇಡ್ಲಿಯ ಲೆಕ್ಕ ಹಾಕುತ್ತಿದ್ದ, ತಲೆಗೆ ಎರಡರಂತೆ,
ಹತ್ತು ಜನ.

ಒಂಬತ್ತಲ್ಲವಾ, ಅಂದೆ.

"ನೀವು ತಿನ್ನಲ್ವಾ?"